ಹೊಗೆಮನೆಯ ಶೂನ್ಯ

ಮೈಸೂರಿನ ಗಾಳಿಯನ್ನು ದಿನಾ ಬೆಳಿಗ್ಗೆ ನಿಲ್ಲಿಸುತ್ತಿದ್ದವನು ನಾನೇ. ನಗಬೇಡಿ. ಊರಿಗೆ ಊರೇ ಹಲ್ಲುಜ್ಜುತ್ತಿರುವ ಹೊತ್ತಿನಲ್ಲಿ ನಾನು ಹೂಟಗಳ್ಳಿಯಾಚೆಯ ಹೊಗೆಮನೆಗೆ ಕಾಲಿಟ್ಟು ಒಮ್ಮೆ ಹುಬ್ಬು ಗಂಟಿಕ್ಕಿದೆನೆಂದರೆ, ಒಳಗಿನ ಗಾಳಿ ಹೆಡ್‌ಮಾಸ್ತರರನ್ನು ಕಂಡ ಮಕ್ಕಳ ಹಾಗೆ ಕೈಕಟ್ಟಿ ಕೂರುತ್ತಿತ್ತು. ಬೆಟ್ಟದ ಮೇಲಿನ ಮೋಡ ಕೂಡ ಅರಸರ, ಅಂದರೆ ನನ್ನ, ಕೆಲಸ ಮುಗಿಯಿತೋ ಇಲ್ಲವೋ ಎಂದು ಕಾದು ನಿಂತು, ನಾನು ತಲೆಯಾಡಿಸಿದ ಮೇಲೆಯೇ ಮುಂದಕ್ಕೆ ಹೋಗುತ್ತಿತ್ತು. ನಮ್ಮ ನಿರ್ದೇಶಕಿ ಡಾಕ್ಟರ್ ಫ್ಲೇವಿಯಾ ಮೆಂಡೋನ್ಸಾ ಇದನ್ನು ಒಪ್ಪುವುದಿಲ್ಲ. ಬಾಗಿಲು ಮುಚ್ಚಿ ಫ್ಯಾನು ನಿಲ್ಲಿಸಿದರೆ ಯಾವ ಕೋಣೆಯ ಗಾಳಿಯಾದರೂ ನಿಲ್ಲುತ್ತದೆ ಎನ್ನುತ್ತಾರೆ. ಅವರು ಮಂಗಳೂರಿನವರು, ಸಮುದ್ರದ ಗಾಳಿ ಕುಡಿದು ಬೆಳೆದವರಿಗೆ ನಮ್ಮೂರ ಗಾಳಿಯ ಗುಣ ತಿಳಿಯುವುದು ಕಷ್ಟ.

ಹೊಗೆಮನೆಯೆಂದರೆ ಮನೆಗಳ ಹೊಗೆಗಂಟೆಗಳನ್ನು ಪರೀಕ್ಷಿಸುವ ಪ್ರಯೋಗಾಲಯ. ಕಿಟಕಿಯಿಲ್ಲದ ದೊಡ್ಡ ಹಜಾರ. ಚಾವಣಿಗೆ ಗಂಟೆಗಳನ್ನು ಅಂಟಿಸಿ, ನಡುನೆಲದಲ್ಲಿ ಮರದ ತುಂಡನ್ನೋ ಹತ್ತಿಯ ಬತ್ತಿಯನ್ನೋ ಹಾಸಿಗೆಯ ಸ್ಪಂಜನ್ನೋ ಸುಡುತ್ತೇವೆ. ಹೊಗೆ ಅವಸರವಿಲ್ಲದೆ ಏಳುತ್ತದೆ, ಚಾವಣಿಯನ್ನು ಮುಟ್ಟಿ, ಹಾಲಿನ ಮೇಲೆ ಕೆನೆ ಕಟ್ಟುವಂತೆ ಹರಡಿಕೊಳ್ಳುತ್ತದೆ. ಗಾಜಿನಾಚೆಯ ಕೋಣೆಯಲ್ಲಿ ಕುಳಿತು ಅದನ್ನು ನೋಡುತ್ತಿದ್ದರೆ ನಾವು ಎಚ್ಚರವಾಗಿದ್ದೇವೋ ಯಾರದೋ ನಿದ್ದೆಯೊಳಗೆ ಕುಳಿತಿದ್ದೇವೋ ತಿಳಿಯುವುದಿಲ್ಲ.

ಹಜಾರದಲ್ಲಿ ನನ್ನ ಯಂತ್ರಗಳಿದ್ದವು. ಒಂದು ಗೋಡೆಯಿಂದ ಎದುರಿನ ಗೋಡೆಗೆ ಬೆಳಕಿನ ಎಳೆಯೊಂದು ಹೋಗುತ್ತದೆ. ಹೊಗೆ ಅಡ್ಡ ಬಂದಷ್ಟೂ ಅದು ಮಂಕಾಗುತ್ತದೆ, ಎಷ್ಟು ಮಂಕಾಯಿತೆಂದು ಯಂತ್ರ ಅಳೆಯುತ್ತದೆ. ಪಕ್ಕದ ಲೋಹದ ಡಬ್ಬಿ ಗಾಳಿಯನ್ನು ಗುಟುಕು ಗುಟುಕಾಗಿ ಒಳಗೆಳೆದುಕೊಂಡು ಅದರಲ್ಲಿ ಎಳೆಯ ವಿದ್ಯುತ್ತು ಹರಿಸುತ್ತದೆ. ಕಣ್ಣಿಗೆ ಕಾಣದ ಹೊಗೆಯ ಕಣವೂ ಆ ಹರಿವಿಗೆ ಅಡ್ಡಗಾಲು ಹಾಕುತ್ತದೆ. ಇನ್ನು ಗಾಳಿಯ ಓಟ, ತೇವ, ಬಿಸಿ ಅಳೆಯುವವು. ಅದರಲ್ಲೂ ಗಾಳಿಯ ಓಟ ಅಳೆಯುವ ಯಂತ್ರ ಎಷ್ಟು ಸೂಕ್ಷ್ಮವೆಂದರೆ, ಸೊಳ್ಳೆ ಆಕಳಿಸಿದರೆ ಅದು ಗಂಡೋ ಹೆಣ್ಣೋ ಹೇಳುತ್ತಿತ್ತು.

ಹೊಗೆ ಎಷ್ಟಿದೆಯೆಂದು ಹೇಳಲು ಹೊಗೆಯೇ ಇಲ್ಲದ ಗಾಳಿ ಯಾವುದೆಂದು ಮೊದಲು ಗೊತ್ತಿರಬೇಕಲ್ಲ? ಅದನ್ನು ನಾವು ಶೂನ್ಯ ಎನ್ನುತ್ತಿದ್ದೆವು. ಅಡುಗೆಮನೆಯ ಗಂಟೆಗಳಿಗೆ ಜಿಡ್ಡು ಹಿಡಿದು, ದೂಳು ಕೂತು ಈ ಶೂನ್ಯ ಮರೆತುಹೋಗುತ್ತಿತ್ತು. ಮೆಣಸಿನಕಾಯಿಯ ಒಗ್ಗರಣೆಗೆಲ್ಲ ಅರಚಿ, ತಾವೇ ಗ್ಯಾಸ್ ಬಂದ್ ಮಾಡಿಬಿಡುತ್ತಿದ್ದವು. ಜನ ಅವಕ್ಕೆ ಹಳೇ ಸಾಕ್ಸ್ ತೊಡಿಸಿ ಬಾಯಿ ಮುಚ್ಚಿಸುತ್ತಿದ್ದರು. ಆಗ ಡಾಕ್ಟರ್ ಫ್ಲೇವಿಯಾ ಒಂದು ಉಪಾಯ ಹುಡುಕಿದರು. ದಿನಾ ಬೆಳಿಗ್ಗೆ ಹೊಗೆಮನೆಯಲ್ಲಿ ಗಾಳಿಯನ್ನು ನಿಲ್ಲಿಸಿ, ಯಂತ್ರಗಳಿಂದ ಶೂನ್ಯ ತೆಗೆದು, ಅದನ್ನು ತರಂಗದಲ್ಲಿ ಊರಿನ ಎಲ್ಲ ಗಂಟೆಗಳಿಗೂ ಕಳಿಸುವುದು. "ಇಗೋ, ಶುದ್ಧ ಗಾಳಿಯೆಂದರೆ ಇದು. ನೆನಪಿಟ್ಟುಕೊಳ್ಳಿ" ಎಂದು. ನಾನು ಗುಂಡಿ ಒತ್ತಿದ ಕ್ಷಣ ಊರಿನ ಅಷ್ಟೂ ಅಡುಗೆಮನೆಗಳಲ್ಲಿ ಗಂಟೆಯ ಹಸಿರು ದೀಪ ಒಮ್ಮೆ ಮುಚ್ಚಿ ತೆರೆಯುತ್ತಿತ್ತು. ಇಡೀ ಮೈಸೂರು ನನ್ನನ್ನು ನೋಡಿ ಕಣ್ಣು ಮಿಟುಕಿಸುತ್ತಿತ್ತು. ಇಂಥ ಪ್ರೀತಿ ಯಾವ ಮಹಾರಾಜರಿಗೂ ಸಿಕ್ಕಿರಲಿಕ್ಕಿಲ್ಲ.

ಆ ಹಸಿರು ದೀಪಗಳಲ್ಲಿ ಒಂದು ನಜರ್‌ಬಾದಿನ ನಮ್ಮ ಮನೆಯಲ್ಲಿತ್ತು. ಅದರ ಕೆಳಗೆ ನನ್ನ ಹೆಂಡತಿ ನೀಲಾಜಮ್ಮಣ್ಣಿ ನಿಂತಿರುತ್ತಿದ್ದಳು.

ಅಮ್ಮಣ್ಣಿಯ ಸಾರಿನ ಪುಡಿಯ ಬಗ್ಗೆ ನಾನು ಕಡಿಮೆಯೇ ಹೇಳುತ್ತೇನೆ. ಅವಳು ಕೊತ್ತಂಬರಿ ಬೀಜ ಹುರಿದ ದಿನ ಅರಮನೆಯ ಆನೆಗಳು ಸರಪಳಿ ಎಳೆದುಕೊಂಡು ನಮ್ಮ ಬೀದಿಗೆ ಬಂದು ಸೊಂಡಿಲೆತ್ತಿ ನಿಲ್ಲುತ್ತಿದ್ದವು, ಅಷ್ಟೇ. ಒಮ್ಮೆ ಅವಳಿಗೊಂದು ಕೆಟ್ಟ ಜ್ವರ ಬಂತು. ಜ್ವರ ಹೋಗುವಾಗ ಅವಳ ಮೂಗಿನ ಶಕ್ತಿಯನ್ನೂ ಜೊತೆಗೆ ಒಯ್ದಿತು. ಮಲ್ಲಿಗೆಯೂ ಇಲ್ಲ, ಮೆಂತ್ಯವೂ ಇಲ್ಲ. ಎಲ್ಲ ಬರೀ ಗಾಳಿ.

ಅವಳು ಅಳುತ್ತ ಕೂರುವವಳಲ್ಲ. ಗಂಟೆಯ ದೀಪವನ್ನೇ ಮೂಗು ಮಾಡಿಕೊಂಡಳು. ಬಾಣಲೆಯಲ್ಲಿ ಬೀಜ ಹದಕ್ಕೆ ಬಂದು ಆವಿಯೇಳುವಾಗ ಹಸಿರು ದೀಪ ತುಸು ಹಳದಿಗೆ ತಿರುಗುತ್ತಿತ್ತು. ಹಳದಿ ಕಂಡೊಡನೆ ಇಳಿಸಿಬಿಡುವಳು. ಪಕ್ಕದ ಮನೆಯ ಶಕೀಲಾ ಬಂದು ಮೂಸಿ, "ಅಕ್ಕಾ, ಮೊದಲಿಗಿಂತ ಚೆನ್ನಾಗಿದೆ!" ಅಂದಾಗ ಅಮ್ಮಣ್ಣಿ ದೀಪಕ್ಕೆ ಕೈ ಮುಗಿದಳಂತೆ. ನನಗೆ ಮುಗಿಯಬೇಕಿತ್ತು. ಇರಲಿ.

ಒಂದು ಮಧ್ಯಾಹ್ನ ನನಗೆ ಹೊಗೆಮನೆಗೆ ಫೋನು ಬಂತು. ಆ ಕಡೆ ಶಕೀಲಾ.

"ಅಣ್ಣಾ, ಬೇಗ ಬನ್ನಿ. ಅಕ್ಕಂಗೆ ಏನೂ ಆಗಿಲ್ಲ. ಆದ್ರೂ ಬನ್ನಿ."

ಒಲೆಯ ಅಂಚಿಗಿಟ್ಟ ಮಸಿಬಟ್ಟೆಯೊಂದು ಕಿಡಿ ತಾಗಿ ಒಳಗೊಳಗೇ ಸುಡುತ್ತ ಹೋಗಿತ್ತು. ಅಮ್ಮಣ್ಣಿ ಅದರ ಪಕ್ಕದಲ್ಲೇ ನಿಂತು ಹುರುಳಿಕಾಯಿ ಹೆಚ್ಚುತ್ತಿದ್ದಳು. ಅವಳಿಗೆ ವಾಸನೆಯಿಲ್ಲ. ತಲೆಯ ಮೇಲಿನ ದೀಪ ಹಸಿರಾಗಿಯೇ ಇತ್ತು. ಬಟ್ಟೆಯ ಬೆಂಕಿ ಅವಳ ಸೆರಗಿಗೆ ದಾಟಿದ ಮೇಲೆ, ಗೋಡೆಯಾಚೆ ಕಮಟು ವಾಸನೆ ಹಿಡಿದ ಶಕೀಲಾ ಓಡಿಬಂದು ಬಿಂದಿಗೆ ನೀರನ್ನು ಮೈಮೇಲೆ ಸುರಿದಳು. ಗಂಟೆ ಆಮೇಲೆ ಕೂಗಿತು, ಉಂಡೆಲೆ ಎತ್ತಿದ ಮೇಲೆ ಮದುವೆಗೆ ಬರುವ ನೆಂಟನ ಹಾಗೆ.

ನಾನು ಹೋದಾಗ ಅಮ್ಮಣ್ಣಿ ಒದ್ದೆ ಸೀರೆಯಲ್ಲೇ ಮನೆಯ ಮುಂದಿನ ಮೆಟ್ಟಿಲ ಮೇಲೆ ಕುಳಿತಿದ್ದಳು.

"ನಿಮ್ಮ ಗಂಟೆ ನನಗೆ ಸುಳ್ಳು ಹೇಳ್ತು ಕಣ್ರೀ," ಅಂದಳು. "ನೀವು ಹೇಳೋದು ನಂಗೆ ಅಭ್ಯಾಸ. ಅದೂ ಹೇಳತ್ತೆ ಅಂತ ಗೊತ್ತಿರ್ಲಿಲ್ಲ. ಇನ್ನು ನಾನು ಒಲೆ ಹಚ್ಚಲ್ಲ."

ಕೋಪದಲ್ಲಿ ಅಂದದ್ದೆಂದುಕೊಂಡೆ. ಮಾರನೇ ದಿನದಿಂದ ಮೆಸ್ಸಿನ ಕ್ಯಾರಿಯರ್ ಬಂತು. ದೇವರ ಮುಂದಿನ ದೀಪವನ್ನೂ ಅವಳು ಹಚ್ಚಲಿಲ್ಲ. ಬೆಂಕಿಕಡ್ಡಿ ಕಂಡರೆ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದಳು. ಆ ಕ್ಯಾರಿಯರಿನ ಸಾರಿನಲ್ಲಿ ನಾನು ಕಾವೇರಿಯ ಮೂಲವನ್ನು ಕಂಡೆ; ತಳದಲ್ಲಿ ಬೇಳೆಯೊಂದು ಜಲಸಮಾಧಿಯಾಗಿತ್ತು. ಆದರೆ ನನ್ನನ್ನು ಕೊರೆದದ್ದು ಸಾರಲ್ಲ. ಅಮ್ಮಣ್ಣಿ ಅಡುಗೆಮನೆಯ ಹೊಸ್ತಿಲವರೆಗೆ ಬಂದು, ಒಳಗೆ ಇಣುಕಿ, ಬೇರೆಯವರ ಮನೆಯೆಂಬಂತೆ ಹಿಂದಿರುಗುತ್ತಿದ್ದಳು.

ನಮ್ಮ ಮನೆಯ ಗಂಟೆಯನ್ನು ಒಂದು ದಿನದ ಮಟ್ಟಿಗೆ ಬಿಚ್ಚಿ ತಂದು ಹೊಗೆಮನೆಯಲ್ಲಿ ಹಾಕಿ ಪರೀಕ್ಷಿಸಿದೆವು. ಮರದ ಹೊಗೆಗೆ ಕೂಗಿತು, ಸ್ಪಂಜಿನ ಹೊಗೆಗೆ ಕೂಗಿತು. ಹತ್ತಿಬಟ್ಟೆ ಒಳಗೊಳಗೇ ಸುಡುವ ತೆಳು ಹೊಗೆಗೆ ಮಾತ್ರ ಬಹಳ ಹೊತ್ತು ಮಂಪರಿನಲ್ಲಿದ್ದು, ಆಮೇಲೆ ಎದ್ದಿತು. ಇನ್ನೊಂದು ಗಂಟೆ ಹಾಕಿದೆವು. ಅದೂ ಹಾಗೆಯೇ. ಯಾವುದನ್ನು ಹಾಕಿದರೂ ಹಾಗೆಯೇ. ಹೊಸದರಲ್ಲಿ ಎಲ್ಲವೂ ಪಾಸಾಗಿದ್ದವು; ಮನೆಗಳಿಗೆ ಹೋದ ಮೇಲೆ ನಾವು ಅವನ್ನು ಮತ್ತೆ ಪರೀಕ್ಷಿಸಿರಲಿಲ್ಲ.

"ಎಲ್ಲ ಗಂಟೆಗೂ ಒಂದೇ ರೋಗ ಅಂದ್ರೆ ರೋಗ ಗಂಟೆಯದ್ದಲ್ಲ ಅರಸ್ರೇ," ಎಂದರು ಡಾಕ್ಟರ್ ಫ್ಲೇವಿಯಾ. "ನಮ್ಮದೇ ಎಂತದೋ ಉಂಟು."

ನನಗೆ ಸಿಟ್ಟು ಬಂತು. ನನ್ನ ಶೂನ್ಯದಲ್ಲಿ ತಪ್ಪೇ! ದೇವಲೋಕದಲ್ಲಿ ಗಾಳಿ ಕೆಟ್ಟರೆ ನನಗೇ ಹೇಳಿಕಳಿಸುತ್ತಾರೆ ಎಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

ಮರುದಿನ ಬೆಳಿಗ್ಗೆ ಕ್ಯಾರಿಯರಿನ ಉಪ್ಪಿಟ್ಟು ಮುಟ್ಟದೆ, ಹಸಿದು, ಮುನಿದು, ಯಂತ್ರದ ಮುಂದೆ ಕುಳಿತೆ. ಹಸಿದವನ ಕಣ್ಣು ಚುರುಕು. ನಮ್ಮ ಶಿವಮಲ್ಲು ದಿನದಂತೆ ಬಂದ. ಅವನು ಹೊಗೆಮನೆಯ ಎಲೆಕ್ಟ್ರಿಷಿಯನ್. ಯಂತ್ರಕ್ಕೆ ಕುಂಕುಮವಿಟ್ಟು, ಒಂದು ಬಾಳೆಹಣ್ಣಿಗೆ ಎರಡು ಗಂಧದ ಕಡ್ಡಿ ಸಿಕ್ಕಿಸಿ ಹಚ್ಚಿ, ಯಂತ್ರದ ಪಕ್ಕದಲ್ಲಿಟ್ಟು ಕೈಮುಗಿದ. ಯಂತ್ರ ಬಂದ ಮೊದಲ ದಿನ ಪೂಜೆ ಮಾಡಿ ಚಾಲೂ ಮಾಡಿದ್ದೆವು. ಅದು ಒಂದು ಚೂರೂ ತಂಟೆ ಮಾಡದೆ ನಡೆದಿತ್ತು. ಅಂದಿನಿಂದ ಪೂಜೆಯಿಲ್ಲದೆ ಅದರ ಗುಂಡಿ ಒತ್ತುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಡಾಕ್ಟರ್ ಫ್ಲೇವಿಯಾ ಕೂಡ ಒಮ್ಮೆ ಕಡ್ಡಿ ಮುಗಿದುಹೋದಾಗ ತಮ್ಮ ಚೀಲದಿಂದಲೇ ಒಂದು ಪೊಟ್ಟಣ ತೆಗೆದುಕೊಟ್ಟಿದ್ದರು.

ಕಡ್ಡಿಯಿಂದ ಎದ್ದ ಹೊಗೆಯನ್ನು ನೋಡುತ್ತ ಕುಳಿತೆ. ನೀಲಿ ಎಳೆ. ಅದು ನೇರ ಮೇಲೇರಿ, ಯೋಚಿಸಿದಂತೆ ಕ್ಷಣ ನಿಂತು, ಯಾರೋ ಕರೆದಂತೆ ಕತ್ತು ಹೊರಳಿಸಿತು. ಆಮೇಲೆ ಮೆಲ್ಲಗೆ ಬಾಗಿ, ನಡುಗುತ್ತ, ಯಂತ್ರದ ಹಿಂದಿನ ಗೋಡೆಯ ಜಾಲರಿಯ ಕಡೆ ಹೋಯಿತು. ಯಂತ್ರದ ಡಬ್ಬಿ ತನ್ನ ಗುಟುಕು ಗಾಳಿಯನ್ನು ಹೀರಿಕೊಳ್ಳುವ ಜಾಲರಿ ಅದು. ಎಳೆ ಅದರೊಳಗೆ ನುಸುಳಿ ಮಾಯವಾಯಿತು. ಅದರ ಹಿಂದೆ ಇನ್ನೊಂದು. ಕೊನೆಯೇ ಇಲ್ಲದ ನೂಲನ್ನು ಗೋಡೆಯೇ ಸುಮ್ಮನೆ ಸುತ್ತಿಕೊಳ್ಳುತ್ತಿದ್ದ ಹಾಗಿತ್ತು.

"ಶಿವಮಲ್ಲು," ಎಂದೆ. "ಈ ಕಡ್ಡಿ ದಿನಾ ಇಲ್ಲೇ ಇಡ್ತೀಯಾ?"

"ಇಲ್ಲೇ ಬುದ್ದೀ. ಮೊದಲ್ನೇ ದಿನ ನೀವೇ ತೋರ್ಸಿದ್ ಜಾಗ."

"ಇದು ಹೊಗೆ ಅಲ್ವೇನೋ?"

ಶಿವಮಲ್ಲು ನನ್ನ ಮುಖವನ್ನೇ ನೋಡಿದ. "ಹೊಗೆ ಎಲ್ ಬುದ್ದೀ? ಇದು ಪೂಜೆ."

ಅವನನ್ನೇಕೆ ಬೈಯಲಿ? ಹೊಗೆಯ ವಿಷಯದಲ್ಲಿ ಲೋಕಕ್ಕೇ ಬುದ್ಧಿ ಹೇಳುವ ನಾವೆಲ್ಲ ಹಾಗೆಯೇ ತಿಳಿದಿದ್ದೆವು. ಮರದ್ದು ಹೊಗೆ, ಸ್ಪಂಜಿನದು ಹೊಗೆ. ಗಂಧದ ಕಡ್ಡಿಯದು ಮಾತ್ರ ಭಕ್ತಿ. ಆದರೆ ಯಂತ್ರಕ್ಕೆ ಭಕ್ತಿ ಅಳೆಯಲು ಬರುವುದಿಲ್ಲ. ಶುದ್ಧ ಗಾಳಿಯಲ್ಲಿ ಇಷ್ಟು ಕಣಗಳಿರುತ್ತವೆ ಎಂದು ಅದು ನಂಬಿತ್ತು. ನಂಬಿದ್ದನ್ನು ದಿನಾ ಊರಿಗೆಲ್ಲ ಸಾರಿತ್ತು. ಒಳಗೊಳಗೇ ಸುಡುವ ಬಟ್ಟೆಯ ಹೊಗೆ ಈ ಗಂಧದ ಹೊಗೆಗೆ ಒಡಹುಟ್ಟಿದ ತಂಗಿ, ಅಷ್ಟೇ ನವಿರು ಕಣ. ಹಾಗಾಗಿ ನಮ್ಮ ಗಂಟೆಗಳು ಆ ತಂಗಿಯನ್ನು ಕಂಡಾಗಲೆಲ್ಲ ಮನೆಯವಳೆಂದುಕೊಂಡು ಒಳಗೆ ಬಿಡುತ್ತಿದ್ದವು.

ಡಾಕ್ಟರ್ ಫ್ಲೇವಿಯಾ ಬಂದು ಜಾಲರಿಯನ್ನೂ ಬಾಳೆಹಣ್ಣನ್ನೂ ನೋಡಿ ತಲೆ ಹಿಡಿದುಕೊಂಡರು.

"ಅಯ್ಯೋ ದೇವರೇ! ನಾನೇ ಪೊಟ್ಟಣ ತಂದುಕೊಟ್ಟದ್ದಲ್ಲವಾ ಮಾರಾಯ್ರೆ."

"ಒಳ್ಳೇ ಪೊಟ್ಟಣ ಮೇಡಂ. ಅದರ ಘಮ ಮಡಿಕೇರಿಗೂ ಮುಟ್ಟಿತ್ತು."

"ಬಾಯಿ ಮುಚ್ಚಿ. ಕಡ್ಡಿ ಹೊರಗೆ ಹಾಕಿ. ಹಜಾರ ತೊಳೆಸಿ. ನಾಳೆ ಶುದ್ಧ ಶೂನ್ಯ ತೆಗೆಯುವ."

ತೆಗೆದೆವು. ಮರುದಿನ ಬೆಳಿಗ್ಗೆ ಕಡ್ಡಿಯಿಲ್ಲದೆ, ಜಗತ್ತು ಹುಟ್ಟಿದ ದಿನದಂಥ ಗಾಳಿಯಲ್ಲಿ ಶೂನ್ಯ ತೆಗೆದು ಗುಂಡಿ ಒತ್ತಿದೆ. ಮೈಸೂರು ಒಮ್ಮೆ ಕಣ್ಣು ಮಿಟುಕಿಸಿತು.

ಮಿಟುಕಿಸಿ ಅರಚಿತು.

ಇಡೀ ಊರು, ಒಟ್ಟಿಗೆ. ಒಂಟಿಕೊಪ್ಪಲಿನಿಂದ ಅಗ್ರಹಾರದವರೆಗೆ, ಮಂಡಿ ಮೊಹಲ್ಲದಿಂದ ವಿದ್ಯಾರಣ್ಯಪುರದವರೆಗೆ, ಹಚ್ಚಿದ ಕಡ್ಡಿಯ ಮುಂದೆ, ಲೋಬಾನದ ಮುಂದೆ, ಮಗುವಿನ ತಲೆ ಆರಿಸುವ ಸಾಂಬ್ರಾಣಿಯ ಮುಂದೆ. ನಮ್ಮೂರು ಗಂಧದಲ್ಲೇ ಮುಖ ತೊಳೆಯುವ ಊರು; ಅದರ ಗಾಳಿಯಲ್ಲಿ ಶುದ್ಧ ಶೂನ್ಯ ಎಲ್ಲಿಂದ ಬರಬೇಕು? ಎಲ್ಲ ಮನೆಯ ಗ್ಯಾಸೂ ಒಂದೇ ಸಲ ಬಂದಾಯಿತು. ದೋಸೆಗಳು ಅರ್ಧ ಬೆಂದು ನಿಂತವು. ಕಾಫಿಗಿಟ್ಟ ಹಾಲು ಉಕ್ಕಲು ಎದ್ದು, ಹಾಗೇ ಕೂತಿತು. ಆ ಸದ್ದಿಗೆ ಕಾರಂಜಿ ಕೆರೆಯ ಹಕ್ಕಿಗಳೆಲ್ಲ ಎದ್ದು ಆಕಾಶ ಕಪ್ಪಾಯಿತು. ಕೆಲವು ಹೆದರಿದ ರಭಸಕ್ಕೆ ಸೈಬೀರಿಯಾ ತಲುಪಿ, ಕ್ಷಮೆ ಕೇಳಿ ವಾಪಸು ಬಂದವು.

ಹೊಗೆಮನೆಯ ಫೋನು ಕಾದ ಹೆಂಚಿನ ಹಾಗಾಯಿತು. ನಾವು ಹಳೆಯ ಶೂನ್ಯವನ್ನೇ ಮತ್ತೆ ಕಳಿಸಿ ಊರನ್ನು ಸುಮ್ಮನಾಗಿಸಿದೆವು. ಕಡ್ಡಿ ಮತ್ತೆ ಬಾಳೆಹಣ್ಣಿಗೇರಿತು.

ಸಂಜೆ ಮನೆಗೆ ಬಂದಾಗ ಅಮ್ಮಣ್ಣಿ ಅದೇ ಮೆಟ್ಟಿಲ ಮೇಲಿದ್ದಳು.

"ಬೆಳಿಗ್ಗೆ ಇಡೀ ಬೀದಿ ಕೂಗ್ತು ಕಣ್ರೀ," ಅಂದಳು. "ಶಕೀಲಾ ಮನೆ, ಎದುರು ಮನೆ, ಮೂಲೆ ಮನೆ. ನಮ್ಮನೆ ಒಂದು ಸುಮ್ನಿತ್ತು. ಇಲ್ಲಿ ಯಾರಾದ್ರೂ ಇದೀವೋ ಇಲ್ವೋ ಅನ್ನಿಸ್ಬಿಡ್ತು."

ನಾನು ಸುಳ್ಳು ಹೇಳುವವನು, ಸರಿ. ಆದರೆ ಈ ಮಾತಿಗೆ ಹೇಳಲು ನನ್ನಲ್ಲಿ ಒಂದು ಸುಳ್ಳೂ ಸಿಕ್ಕಲಿಲ್ಲ. ಅವಳ ಪಕ್ಕದಲ್ಲಿ ಕುಳಿತೆ. ತಣ್ಣಗಿನ ಅಡುಗೆಮನೆಯಲ್ಲಿ ಹಸಿರು ದೀಪ ಒಂಟಿ ಮಿಣುಕುಹುಳದ ಹಾಗೆ ಉರಿಯುತ್ತಿತ್ತು. ಅದನ್ನು ನೋಡುತ್ತಿದ್ದಾಗ ಹೊಳೆಯಿತು: ಊರಿಗೆಲ್ಲ ಒಂದೇ ಶೂನ್ಯ ಯಾಕೆ? ಒಂದೊಂದು ಮನೆಯ ಗಾಳಿ ಒಂದೊಂದು ಬಗೆ. ಶಕೀಲಾಳ ಮನೆಗೆ ಲೋಬಾನ ಸೇರಿದ ಶೂನ್ಯ, ನಮ್ಮ ಮನೆಗೆ ಸಾರಿನ ಪುಡಿ ಸೇರಿದ ಶೂನ್ಯ. ಆ ಮನೆಯಲ್ಲಿ ದಿನಾ ಇರುವುದೆಲ್ಲ ಇದ್ದಾಗ ಅಳೆದು, ಅದನ್ನು ಆ ಮನೆಯ ಗಂಟೆಗೆ ಮಾತ್ರ ಕಲಿಸಿದರೆ? ಆಗ ದಿನಾ ಇಲ್ಲದ ಯಾವ ಹೊಗೆ ಬಂದರೂ, ಎಷ್ಟೇ ತೆಳುವಾಗಿ ಬಂದರೂ, ಗಂಟೆ ಅದನ್ನು ಪರಕೀಯನೆಂದು ಗುರುತಿಸುತ್ತದೆ.

ಈ ವಿಚಾರಕ್ಕೆ ನನಗೆ ಸ್ವೀಡನ್ನಿನಿಂದ ಕರೆ ಬರಬೇಕಿತ್ತು. ಬಂದದ್ದು ಡಾಕ್ಟರ್ ಫ್ಲೇವಿಯಾರಿಂದ.

"ಹೇಳ್ಲಿಕ್ಕೆ ಚೆಂದ ಉಂಟು. ಆದ್ರೆ ಮನೆಯ ಗಾಳಿ ಹಜಾರದ ಹಾಗೆ ನಿಲ್ತದಾ? ಒಂದು ಮನೆಯಲ್ಲಿ ಮಾಡಿ ತೋರಿಸಿ. ಸರಿಯಾದ್ರೆ ಮುಂದೆ ನೋಡುವ. ಇಲ್ಲದಿದ್ರೆ ಗಂಟೆಗಳನ್ನೆಲ್ಲ ವಾಪಸು ತರಿಸಬೇಕಾಗ್ತದೆ."

ಹಾಗಾಗಿ ಭಾನುವಾರ ಬೆಳಿಗ್ಗೆ ನಾನು ಟ್ರಂಕಿನಷ್ಟು ದೊಡ್ಡ ಯಂತ್ರವನ್ನು ಹೊತ್ತು ನಮ್ಮ ಅಡುಗೆಮನೆಗೆ ತಂದೆ. ಒಬ್ಬನೇ ಹೊತ್ತೆ, ಶಿವಮಲ್ಲು ಕೈ ಹಾಕಿದ್ದ ಅಷ್ಟೇ. ಬೆಳಕಿನ ಎಳೆಯನ್ನು ಗೂಡಿನಿಂದ ಕಿಟಕಿಗೆ ಎಳೆದೆ. ಗಾಳಿ ಗುಟುಕರಿಸುವ ಡಬ್ಬಿಯನ್ನು ಒಲೆಯ ಮೇಲಿನ ಹಲಗೆಯಲ್ಲಿಟ್ಟೆ. ಎಲ್ಲ ಸಿದ್ಧವಾದ ಮೇಲೆ ಹೆಂಡತಿಯನ್ನು ಕರೆದೆ.

"ಈಗ ಒಲೆ ಹಚ್ಚಬೇಕು ಅಮ್ಮಣ್ಣಿ. ತಣ್ಣಗಿರೋ ಒಲೆಯ ಗಾಳಿ ಅಳೆದ್ರೆ ಗಂಟೆ ಅದನ್ನೇ ನಮ್ಮ ಮನೆ ಅಂತ ಕಲ್ತುಬಿಡತ್ತೆ. ನೀನು ದಿನಾ ಏನು ಮಾಡ್ತಿದ್ಯೋ ಅದನ್ನೇ ಮಾಡಬೇಕು."

ಅವಳು ಹೊಸ್ತಿಲಲ್ಲೇ ನಿಂತಳು. "ಗಂಟೆ?"

"ಕಲಿಯೋ ಹೊತ್ತಲ್ಲಿ ಅದು ಕೂಗಲ್ಲ. ಅಲ್ಲಿವರೆಗೆ ನಾನೇ ನಿನ್ನ ಮೂಗು."

"ನಿಮ್ಮ ಮೂಗು ನಂಬಬಹುದು," ಅಂದಳು. "ಅದು ನಿಮ್ಮ ಬಾಯಿ ಮೂಲಕ ಬರಬೇಕಲ್ಲ, ಅದಕ್ಕೆ ಹೆದರಿಕೆ."

ಶಿವಮಲ್ಲು ಕಿಸಕ್ಕನೆ ನಕ್ಕ. ನಾನು ಅವನನ್ನು ಹೊರಗೆ ಕಳಿಸಿದೆ.

"ಒಂದು ಸುಳ್ಳು ಹೇಳಿದ್ರೂ ಒಲೆ ಆರಿಸ್ತೀನಿ," ಅಂದಳು. "ಮತ್ತೆ ಹಚ್ಚಲ್ಲ. ಯಾವತ್ತೂ."

ಬೆಂಕಿಕಡ್ಡಿ ಗೀರಿ, ಕೈಯನ್ನು ಆದಷ್ಟು ದೂರಕ್ಕೆ ಚಾಚಿ ಒಲೆ ಹಚ್ಚಿದಳು. ಕಿಟಕಿಯ ಬಿಸಿಲು ಬಾಣಲೆಯ ಮೇಲೆ ಬಿದ್ದಿತ್ತು. ನಾನು ಯಂತ್ರದ ಮುಂದೆ ಕುಳಿತೆ. ಪರದೆಯ ಮೇಲೆ ಮನೆಯ ಗಾಳಿ ಒಂದು ಗೆರೆಯಾಗಿ ಎದ್ದಿತು. ನಿದ್ದೆ ಹೋದ ಮಗುವಿನ ಎದೆಯಂತೆ ಮೇಲೆ, ಕೆಳಗೆ.

"ಏನಿದೆ?" ಕೇಳಿದಳು.

"ಎಣ್ಣೆ ಕಾಯ್ತಾ ಇದೆ."

"ಈಗ?"

"ಬೀಜ ಬೆಚ್ಚಗಾಗಿದೆ. ಹಸಿ ವಾಸನೆ ಇನ್ನೂ ಹೋಗಿಲ್ಲ. ನಿನ್ನ ತಲೆಗೆ ಹಚ್ಚಿದ ಹರಳೆಣ್ಣೆ. ಗೂಡಲ್ಲಿ ಹಳೇ ಕರ್ಪೂರದ ಪುಡಿ. ಕಿಟಕಿಯಿಂದ ಶಕೀಲಾಳ ಲೋಬಾನ. ಮಲ್ಲಿಗೆ…"

ಅವಳ ಕೈ ಒಲೆಯ ತಿರುಗಣಿಗೆ ಹೋಯಿತು. "ನಾನು ಹೂ ಮುಡಿದು ಎಷ್ಟು ದಿನ ಆಯ್ತು?"

"ಮಲ್ಲಿಗೆ ಇಲ್ಲ," ಎಂದೆ ಅವಸರದಲ್ಲಿ. "ಮಲ್ಲಿಗೆ ಇರ್ಲಿ ಅಂತ ನನಗೆ ಅನ್ನಿಸ್ತು. ಗಾಳೀಲಿ ಇಲ್ಲ."

ಅವಳ ಕೈ ಅಲ್ಲೇ ನಿಂತಿತು. ಬೀಜ ಚಟಪಟ ಅಂದಿತು. ಆಮೇಲೆ ತಿರುಗಣಿ ಬಿಟ್ಟು ಸೌಟು ಹಿಡಿದಳು. ಬದುಕಿನಲ್ಲಿ ನನಗೆ ಅಷ್ಟು ಸುಸ್ತಾದದ್ದಿಲ್ಲ. ಇರುವುದನ್ನು ಇರುವಷ್ಟೇ ಹೇಳುವುದು, ಒಂದು ಹಿಡಿಯೂ ಸೇರಿಸದೆ, ನನ್ನಂಥವನಿಗೆ ಕಲ್ಲು ಒಡೆದ ಹಾಗೆ. ಈಗ? ಎಂದು ಅವಳು ಕೇಳುತ್ತಲೇ ಹೋದಳು. ಮೆಂತ್ಯ ಕೆಂಪಾಯಿತು, ಜೀರಿಗೆ ಇನ್ನೂ ಇಲ್ಲ, ಮೆಣಸಿನಕಾಯಿ ಇನ್ನೊಂದು ಚೂರು ಎಂದು ನಾನು ಹೇಳುತ್ತಲೇ ಹೋದೆ. ಅವಳ ಕಣ್ಣು ಅರ್ಧ ಮುಚ್ಚಿತ್ತು. ನಾನು ಹೇಳಿದ ಒಂದೊಂದನ್ನೂ ಅವಳು ನೆನಪಿನಿಂದ ತೆಗೆದು ಮೂಸುತ್ತಿದ್ದಳು ಅನಿಸುತ್ತದೆ.

"ಈಗ ಇಳ್ಸು!"

ಇಳಿಸಿದಳು. ಸಾರು ಕುದಿಯಿತು. ಒಗ್ಗರಣೆ ಬಿತ್ತು. ಆಮೇಲೆ ಅವಳೇ ದೇವರ ಗೂಡಿನಲ್ಲಿ ದೀಪ ಹಚ್ಚಿ, ಒಂದು ಗಂಧದ ಕಡ್ಡಿಯನ್ನೂ ಹಚ್ಚಿದಳು. ಪರದೆಯ ಗೆರೆ ನಿಧಾನವಾಗಿ ಸಮನಾಯಿತು. ಕಿಟಕಿಯ ಪರದೆ ಬೀಸುವುದನ್ನು ಬಿಟ್ಟಿತು. ನಾನು ಹುಬ್ಬು ಗಂಟಿಕ್ಕಲಿಲ್ಲ. ಗಾಳಿ ತಾನಾಗಿಯೇ ನಿಂತಿತು. ಗುಂಡಿ ಒತ್ತಿದೆ. ಊರಿನ ಯಾವ ದೀಪವೂ ಮಿಟುಕಿಸದ ಹೊತ್ತಿನಲ್ಲಿ ನಮ್ಮ ಮನೆಯ ದೀಪವೊಂದೇ ಕಣ್ಣು ಮುಚ್ಚಿ, ತೆರೆಯಿತು.

ಉಳಿದದ್ದು ಒಂದೇ ಪರೀಕ್ಷೆ. ಅಂದು ಸುಟ್ಟ ಮಸಿಬಟ್ಟೆಯ ಚೂರನ್ನು ನಾನು ಎತ್ತಿಟ್ಟಿದ್ದೆ. ಅಮ್ಮಣ್ಣಿ ಅದನ್ನು ನನ್ನ ಕೈಯಿಂದ ಕಸಿದುಕೊಂಡಳು. ತಾನೇ ಅದರ ತುದಿಗೆ ಕಿಡಿ ತಾಗಿಸಿ, ತಟ್ಟೆಯಲ್ಲಿಟ್ಟು, ತಲೆಯೆತ್ತಿ ದೀಪವನ್ನು ನೋಡುತ್ತ ನಿಂತಳು. ಬಟ್ಟೆಯಿಂದ ಕೂದಲೆಳೆಯಷ್ಟು ಹೊಗೆ ಎದ್ದಿತು. ಸಾರಿನ ಆವಿಯನ್ನು ದಾಟಿತು, ಗಂಧದ ಎಳೆಯ ಪಕ್ಕದಲ್ಲೇ ಅದರ ತಂಗಿಯ ಹಾಗೆ ಸೊಂಟ ಬಳುಕಿಸುತ್ತ ಮೇಲೇರಿತು, ಇನ್ನೂ ಚಾವಣಿಯನ್ನು ಪೂರ್ತಿ ಮುಟ್ಟಿರಲಿಲ್ಲ…

ಗಂಟೆ ಕಿರುಚಿತು. ಗ್ಯಾಸು ಟಕ್ಕೆಂದು ಬಂದಾಯಿತು.

ನಾನು ನಿಲ್ಲಿಸಲು ಸ್ಟೂಲು ಹತ್ತಿದೆ. "ಬೇಡ," ಎಂದು ನನ್ನ ಪಂಚೆ ಹಿಡಿದೆಳೆದಳು. "ಇರಲಿ ಬಿಡಿ. ಸ್ವಲ್ಪ ಹೊತ್ತು ಕೂಗಲಿ."

ಆ ಕೂಗು ಓಣಿ ದಾಟಿತು. ಆನೆಗಳು ಬಂದವೋ ಇಲ್ಲವೋ ನಾನು ಹೇಳುವುದಿಲ್ಲ. ಶಕೀಲಾ ಮಾತ್ರ ಬಿಂದಿಗೆ ಎತ್ತಿಕೊಂಡು, "ಅಕ್ಕಾ! ಅಕ್ಕಾ!" ಎನ್ನುತ್ತ ಓಡಿಬಂದು, ಅಡುಗೆಮನೆಯ ಬಾಗಿಲಲ್ಲಿ ನೀರು ತುಳುಕಿಸಿಕೊಂಡು ನಿಂತಳು.

ಅಮ್ಮಣ್ಣಿ ಸೆರಗಿನಿಂದ ಕಣ್ಣೊರೆಸಿಕೊಂಡು, ಸೌಟಿನಿಂದ ಸಾರು ತಿರುವುತ್ತ ಹೇಳಿದಳು:

"ಏನಿಲ್ಲ ಕಣೇ. ನಮ್ಮನೆ ಗಂಟೆ. ಬಿಂದಿಗೆ ಅಲ್ಲಿಟ್ಟು ತಟ್ಟೆ ಹಾಕು."